ಹದಿನೈದು ವರ್ಷದ ಕಾರಿನ ಕೂಲಿಂಗ್ ಸಿಸ್ಟಮ್: ಯಾವ ಪಾರ್ಟ್ ಯಾವಾಗ ಬದಲಾಯಿಸಬೇಕಿತ್ತು

ಹಾಸನದಲ್ಲಿರೋ ನನ್ನ ಸೋದರಮಾವನ ಕಾರಿನ ಕಥೆ ಇದು. 2010ರಲ್ಲಿ ಹೊಸದಾಗಿ ತಗೊಂಡ 1.2 ಲೀಟರ್ ಪೆಟ್ರೋಲ್ ಗಾಡಿ, 2025ರ ಏಪ್ರಿಲ್ ಹೊತ್ತಿಗೆ ಓಡಿದ್ದು ಬರೀ 84,000 ಕಿಲೋಮೀಟರ್. ಮಾವ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಗಾಡಿನ ಮನೆ ಮಗು ಥರ ನೋಡ್ಕೊಂಡವ್ರು, ಶೆಡ್ಡಲ್ಲೇ ನಿಲ್ಸೋದು, ಭಾನುವಾರ ಭಾನುವಾರ ಒರೆಸೋದು, ವರ್ಷಕ್ಕೊಂದ್ಸಲ ತಪ್ಪದೆ ಆಯಿಲ್ ಚೇಂಜ್ ಮಾಡ್ಸೋದು. ಅಂಥ ಗಾಡಿ ಏಳು ತಿಂಗಳಲ್ಲಿ ಮತ್ತೆ ಮತ್ತೆ ಕೂಲೆಂಟ್ (ಎಂಜಿನ್ ತಂಪಿಡೋ ದ್ರವ) ಕಳ್ಕೊಂಡು ಕೊನೆಗೆ ಶಿರಾಡಿ ಘಾಟಲ್ಲಿ ಬುಸ್ಸಂತ ಹಬೆ ಬಿಟ್ಟು ನಿಂತ್ಬಿಡ್ತು. ಎಲ್ಲಿ ತಪ್ಪಿತು, ಆಮೇಲೆ ಯಾವ ಪಾರ್ಟ್ ಹಾಕಿದ್ವಿ, ಯಾವುದನ್ನ ಬೇಕಂತಲೇ ಬಿಟ್ವಿ, ಎಲ್ಲಾ ಬರೀತಿದೀನಿ. ಹಳೇ ಗಾಡಿ ಇಟ್ಕೊಂಡಿರೋ ಎಷ್ಟೋ ಮನೆಗಳಲ್ಲಿ ಇದೇ ಕ್ರಮದಲ್ಲಿ ಇದೇ ನಡೀತಿದೆ, ಮಾವಂಗೆ ಸಿಕ್ಕ ಅದೃಷ್ಟ ಎಲ್ಲರಿಗೂ ಸಿಗಲ್ಲ.

ಮೊದಲನೇ ಸುಳಿವು ಸಿಕ್ಕಿದ್ದು 2024ರ ಅಕ್ಟೋಬರಲ್ಲಿ. ಆಯುಧಪೂಜೆಗೆ ಗಾಡಿ ತೊಳೆಯೋವಾಗ ಮಾವ ಬಾನೆಟ್ ತೆಗೆದು ನೋಡಿದ್ರೆ ಕೂಲೆಂಟ್ ಬಾಟ್ಲಿಯಲ್ಲಿ ಮಟ್ಟ ಕೆಳಗಿನ ಗೆರೆಗಿಂತ ಕೆಳಗೆ. ಮನೆ ಬೋರ್ ನೀರು ಒಂದು ಚೊಂಬು ಹಾಕಿದ್ರು. ನವೆಂಬರಲ್ಲಿ ಮತ್ತೊಂದ್ಸಲ, ಈ ಸಲ ಪೆಟ್ರೋಲ್ ಬಂಕಿನ ನಲ್ಲಿ ನೀರು. ನನಗೆ ಫೋನಲ್ಲಿ ಹೇಳಿದ್ದು "ಸ್ವಲ್ಪ ನೀರು ಕುಡೀತಿದೆ ಕಣೋ, ವಯಸ್ಸಾಯ್ತಲ್ಲ" ಅಂತ. ನಾನೂ ಬೆಂಗಳೂರಲ್ಲಿ ಕೂತ್ಕೊಂಡು ಹೂಂ ಅಂದೆ. ಅಲ್ಲೇ ನಾವಿಬ್ರೂ ಎಡವಿದ್ದು. ಕೂಲಿಂಗ್ ಸಿಸ್ಟಮ್ ಅನ್ನೋದು ಮುಚ್ಚಿದ ಪಾತ್ರೆ, ಅದು ನೀರು ಕುಡಿಯೋ ಹಾಗೇ ಇಲ್ಲ. ವರ್ಷಕ್ಕೆ ಬಾಟ್ಲಿಯಲ್ಲಿ ಒಂದು ಬೆರಳು ಇಳಿದ್ರೆ ಆವಿಯಾಗಿ ಹೋಯ್ತು ಅನ್ಬೋದು, ಆದ್ರೆ ಎರಡು ತಿಂಗಳಲ್ಲಿ ಎರಡು ಸಲ ತುಂಬಿಸ್ಬೇಕು ಅಂದ್ರೆ ಎಲ್ಲೋ ದಾರಿ ಮಾಡ್ಕೊಂಡಿದೆ ಅಂತಲೇ ಅರ್ಥ, ಒಂದೋ ಹೊರಗೆ ಸೋರ್ತಿದೆ, ಇಲ್ಲಾ ಎಂಜಿನ್ ಒಳಗೇ ಹೋಗಿ ಸುಡ್ತಿದೆ.

2025ರ ಜನವರಿ ಮೊದಲ ವಾರ ಬಾಟ್ಲಿಯಿಂದ ನೊರೆ ಉಕ್ಕಿ ಬಂತು. ಊರಿನ ಮೆಕ್ಯಾನಿಕ್ ನೋಡಿ ರೇಡಿಯೇಟರ್ (ಬಿಸಿ ಕೂಲೆಂಟನ್ನ ಗಾಳಿಗೆ ತಣ್ಣಗೆ ಮಾಡೋ ಪಾರ್ಟ್) ಕ್ಯಾಪ್ ಹೋಗಿದೆ ಅಂತ ಹೊಸ ಕ್ಯಾಪ್ ಹಾಕಿದ್ರು, 280 ರೂಪಾಯಿ. ಎರಡೇ ವಾರಕ್ಕೆ ಮೇಲಿನ ಹೋಸ್ ಪೈಪು ಕ್ಲಿಪ್ ಪಕ್ಕದಲ್ಲಿ ಸೀಳಿಕೊಂಡಿತು, ಪುಣ್ಯಕ್ಕೆ ಮನೆ ಗೇಟ್ ಮುಂದೇನೇ. ಹೊಸ ಹೋಸು, ಹೊಸ ಸ್ಕ್ರೂ ಕ್ಲಿಪ್ಪು, ಒಂದು ಲೀಟರ್ ಕೂಲೆಂಟ್, ಇನ್ನೊಂದಷ್ಟು ನೀರು. ಇನ್ನು ಯೋಚನೆ ಇಲ್ಲ ಮೇಷ್ಟ್ರೇ ಅಂದ್ರಂತೆ. ಫೆಬ್ರವರಿ ಮಾರ್ಚ್ ಎರಡು ತಿಂಗಳು ಏನೂ ಆಗ್ಲಿಲ್ಲ. ಮಾವಂಗೂ ನೆಮ್ಮದಿ, ನನಗೂ ನೆಮ್ಮದಿ.

ಏಪ್ರಿಲಲ್ಲಿ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಿದ್ರು, ಮಾವ, ಅತ್ತೆ, ಮಗಳು, ಮೊಮ್ಮಗಳು. ಹೋಗೋವಾಗ ಇಳಿಜಾರು, ಏನೂ ಗೊತ್ತಾಗಲ್ಲ. ವಾಪಸ್ ಬರೋವಾಗ ದೇವಸ್ಥಾನದಲ್ಲಿ ಊಟ ಮುಗಿಸ್ಕೊಂಡು ಗುಂಡ್ಯಕ್ಕೆ ಬಂದು ಘಾಟಿ ಹತ್ತೋಕೆ ಶುರು ಮಾಡಿದಾಗ ಸುಮಾರು ಎರಡೂವರೆ, ಕರಾವಳಿ ಸೆಕೆ, ಎಸಿ ಫುಲ್, ಮುಂದೆ ಮಂಗಳೂರು ಕಡೆಯಿಂದ ಬಂದ ಟ್ಯಾಂಕರ್‌ಗಳ ಸಾಲು, ಫಸ್ಟು ಸೆಕೆಂಡು ಗೇರಲ್ಲೇ ತೆವಳ್ಕೊಂಡು ಹೋಗ್ಬೇಕು. ಕೂಲಿಂಗ್ ಸಿಸ್ಟಮ್ಮಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಎಂಜಿನ್ ಪೂರ್ತಿ ಶಕ್ತಿ ಹಾಕ್ತಿರುತ್ತೆ, ಎದುರುಗಾಳಿ ಇರಲ್ಲ, ಎಸಿ ಕಂಡೆನ್ಸರ್ ಬಿಸಿಯೂ ರೇಡಿಯೇಟರ್ ಮೇಲೇ ಬೀಳುತ್ತೆ, ಎಲ್ಲಾ ಭಾರ ಆ ಒಂದು ಫ್ಯಾನ್ ಮೇಲೆ.

ಮಾರನಹಳ್ಳಿ ಕಡೆ ಬರ್ತಾ ಅತ್ತೆ "ಏನೋ ಬೆಲ್ಲದ ಪಾಕ ಸೀದ ಹಾಗೆ ವಾಸನೆ ಬರ್ತಿದೆಯಲ್ಲ" ಅಂದ್ರಂತೆ. ಅದು ಬಿಸಿ ಕೂಲೆಂಟಿನ ವಾಸನೆ, ಎಥಿಲೀನ್ ಗ್ಲೈಕಾಲ್ ಬಿಸಿ ಲೋಹದ ಮೇಲೆ ಬಿದ್ರೆ ಹಂಗೇ ಸಿಹಿ ಸಿಹಿಯಾಗಿ ಸೀದ ವಾಸನೆ ಬರುತ್ತೆ. ಮಾವ ಟೆಂಪರೇಚರ್ ಮುಳ್ಳು ನೋಡಿದ್ರೆ ಯಾವತ್ತೂ ಅರ್ಧಕ್ಕೆ ಬರದೇ ಇರೋದು ಅರ್ಧ ದಾಟಿ ಮೇಲೆ ಹೋಗ್ತಿದೆ. ಮುಂದಿನ ಊರಿಗೆ ಹೋಗಿ ನೋಡೋಣ ಅಂತ ಎಳೀಲಿಲ್ಲ ಅವ್ರು, ಸಿಕ್ಕ ಮೊದಲ ಅಗಲದ ಜಾಗದಲ್ಲಿ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿಬಿಟ್ರು. ಎಂಜಿನ್ ಉಳಿದಿದ್ದು ಆ ಒಂದು ಕೆಲಸದಿಂದ. ಅಷ್ಟರಲ್ಲಿ ಬಾನೆಟ್ ಸಂದಿನಿಂದ ಹಬೆ. ಕೆಳಗಿಳಿದು ಕ್ಯಾಪ್ ತೆಗೆಯೋಕೆ ಹೋದವ್ರನ್ನ ಹಿಂದೆ ನಿಂತ ಲಾರಿ ಡ್ರೈವರ್ ಕೂಗಿ ತಡೆದ್ರಂತೆ, "ಮುಟ್ಬೇಡಿ ಸಾರ್, ಮುಖಕ್ಕೆ ಹಾರುತ್ತೆ". ಆ ಮನುಷ್ಯ ಯಾರೋ ಏನೋ, ನಮ್ಮ ಮನೆಯವರೆಲ್ಲ ಈಗಲೂ ನೆನೆಸ್ಕೊಳ್ತೀವಿ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಜನ ಎರಡನ್ನೂ ಕಲಸಿಬಿಡ್ತಾರೆ. ಕೂಲೆಂಟ್ ಎಲ್ಲಾ ಒಳಗೇ ಇದೆ, ಬರೀ ಟ್ರಾಫಿಕ್ಕಲ್ಲೋ ಘಾಟಲ್ಲೋ ಮುಳ್ಳು ಸ್ವಲ್ಪ ಏರ್ತಿದೆ ಅಂದ್ರೆ ಎಸಿ ಆಫ್ ಮಾಡಿ, ಹೀಟರ್ ಫುಲ್ ಬಿಸಿಗೆ ತಿರುಗಿಸಿ, ಬ್ಲೋವರ್ ಫುಲ್ ಇಟ್ಟು, ಪಕ್ಕಕ್ಕೆ ನಿಲ್ಸಿ ಎಂಜಿನ್ ಐಡಲಲ್ಲಿ ಓಡಿಸ್ತಾ ಇದ್ರೆ ಇಳಿಯುತ್ತೆ, ಹೀಟರ್ ಅನ್ನೋದು ಡ್ಯಾಶ್‌ಬೋರ್ಡ್ ಒಳಗಿರೋ ಇನ್ನೊಂದು ಚಿಕ್ಕ ರೇಡಿಯೇಟರ್ ತಾನೇ. ಆದ್ರೆ ಹಬೆ ಬರ್ತಿದೆ, ಕೆಳಗೆ ಸುರೀತಿದೆ, ಸೀದ ಸಿಹಿ ವಾಸನೆ ಇದೆ ಅಂದ್ರೆ ಒಳಗೆ ಓಡಾಡೋಕೆ ನೀರೇ ಇಲ್ಲ, ಆಗ ಒಂದು ನಿಮಿಷ ಜಾಸ್ತಿ ಓಡಿಸಿದ್ರೂ ಎಂಜಿನ್ ಮೇಲೆ ಮುಚ್ಚಳದ ಹಾಗೆ ಕೂರೋ ಅಲ್ಯೂಮಿನಿಯಂ ಹೆಡ್ ಸೊಟ್ಟ ಆಗ್ಬೋದು, ತಕ್ಷಣ ಆಫ್ ಮಾಡ್ಬೇಕು. ಇನ್ನೂ ಭಯದ ವಿಷಯ ಅಂದ್ರೆ, ಸೆನ್ಸರ್ ಸುತ್ತ ಕೂಲೆಂಟ್ ಇಲ್ಲದೆ ಬರೀ ಆವಿ ಇದ್ರೆ ಅದು ಸರಿಯಾಗಿ ಅಳೆಯಲ್ಲ, ಮುಳ್ಳು ಕೆಳಗಿಳಿದು ಎಲ್ಲಾ ಸರಿಹೋಯ್ತು ಅಂತ ತೋರಿಸ್ಬೋದು. ಏರಿದ ಮುಳ್ಳು ಏನೂ ಮಾಡದೇ ತಾನಾಗೇ ದಡಕ್ಕಂತ ಇಳಿದ್ರೆ ಖುಷಿ ಪಡ್ಬೇಡಿ.

ಟೋಯಿಂಗ್ ಗಾಡಿ ಕರೆಸಿ ಹಾಸನಕ್ಕೆ ತರೋಕೆ 3,500 ಆಯ್ತು. ನಾನು ಶನಿವಾರ ಬೆಳಿಗ್ಗೆ ಹೋದೆ. ಈ ಸಲ ಬೇರೆ ಗ್ಯಾರೇಜ್, ಆ ಮೆಕ್ಯಾನಿಕ್ ವಯಸ್ಸಲ್ಲಿ ಚಿಕ್ಕವರು ಆದ್ರೆ ಒಂದೊಂದನ್ನೂ ಬಿಚ್ಚಿ ನಮ್ಮ ಕೈಗೆ ಕೊಟ್ಟು ತೋರಿಸೋ ಅಭ್ಯಾಸ. ಸೋರಿದ ಜಾಗ ಎರಡು ನಿಮಿಷಕ್ಕೆ ಸಿಕ್ತು. ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಮೇಲಿನ ಹೋಸು ಕೂರೋ ಕತ್ತು ಬುಡದಲ್ಲೇ ಬಿರುಕು ಬಿಟ್ಟಿತ್ತು. ಸ್ವಲ್ಪ ಅಲ್ಲಾಡಿಸಿದ್ರೆ ಒಂದು ಚೂರು ಕೈಗೇ ಬಂತು. ಹೊಸದರಲ್ಲಿ ಕಪ್ಪಗಿದ್ದ ಪ್ಲಾಸ್ಟಿಕ್ ಈಗ ಕಾಫಿಪುಡಿ ಬಣ್ಣ, ಬಿಸಿಲಲ್ಲಿ ಬಿಟ್ಟ ಹಳೇ ಬಕೆಟ್ಟಿನ ಅಂಚು ಮುರಿಯೋ ಹಾಗೆ ಪುಡಿಪುಡಿಯಾಗಿ ಮುರೀತಿತ್ತು. ಆ ಚೂರನ್ನ ಮಾವ ಅಂಗೈಯಲ್ಲಿಟ್ಟು ತುಂಬಾ ಹೊತ್ತು ನೋಡಿದ್ರು. "ಲಕ್ಷ ಕಿಲೋಮೀಟರೂ ಆಗಿಲ್ವಲ್ಲೋ" ಅಂದ್ರು.

ಈ ಪ್ರಕರಣದ ತಿರುಳೇ ಅದು. ಮಾವ ಲೆಕ್ಕ ಇಟ್ಟಿದ್ದು ಕಿಲೋಮೀಟರಲ್ಲಿ, ಪ್ಲಾಸ್ಟಿಕ್ಕು ರಬ್ಬರು ಲೆಕ್ಕ ಇಟ್ಕೊಳ್ಳೋದು ವರ್ಷದಲ್ಲಿ. ಎಷ್ಟು ಸಲ ಬಿಸಿಯಾಗಿ ತಣ್ಣಗಾಯ್ತು, ಎಷ್ಟು ವರ್ಷ ಬಿಸಿ ಗ್ಲೈಕಾಲಲ್ಲಿ ನೆನೀತು ಅನ್ನೋದೇ ಅವಕ್ಕೆ ವಯಸ್ಸು. ತರಕಾರಿಗೆ ಅಂತ ಎರಡು ಕಿಲೋಮೀಟರ್ ಹೋಗಿ ಬಂದ್ರೂ ಒಂದು ಸಲ ಬಿಸಿಯಾಗಿ ತಣ್ಣಗಾದ ಹಾಗೇ. ದಿನಾ ಬೆಂಗಳೂರು ಮೈಸೂರು ಓಡೋ ಟ್ಯಾಕ್ಸಿಯಲ್ಲಿ 84,000 ಕಿಲೋಮೀಟರ್ ಒಂದೇ ವರ್ಷಕ್ಕೆ ಆಗಿಬಿಡ್ಬೋದು, ಆ ರೇಡಿಯೇಟರ್ ಇನ್ನೂ ಎಳಸು. ಮಾವನದು ಹದಿನೈದು ವರ್ಷದ್ದು.

ಎರಡನೇ ವಿಷಯ, ಒಂದಾದ ಮೇಲೊಂದು ಯಾಕೆ ಹೋಯ್ತು ಅನ್ನೋದು. ಮನೆ ಕುಕ್ಕರ್ ನೆನೆಸ್ಕೊಳ್ಳಿ. ವಿಷಲ್ ಭಾರ ಒತ್ತಡ ಹಿಡಿದಿಟ್ಟುಕೊಳ್ಳೋದ್ರಿಂದ ಒಳಗಿನ ನೀರು 100 ಡಿಗ್ರಿಗೆ ಕುದಿಯದೆ 120ರ ತನಕ ಹೋಗುತ್ತೆ. ಕಾರಲ್ಲಿ ಆ ಕೆಲಸ ರೇಡಿಯೇಟರ್ ಕ್ಯಾಪಿಂದು. ಹಾಸನ ಬೆಂಗಳೂರು ಎತ್ತರದಲ್ಲಿ ತೆರೆದ ಪಾತ್ರೆ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ, ಅದೇ ಅರ್ಧ ಕೂಲೆಂಟ್ ಅರ್ಧ ನೀರು ಬೆರೆಸಿ 0.9 ಬಾರ್ ಒತ್ತಡದ ಕ್ಯಾಪ್ ಅಡಿಯಲ್ಲಿ ಇಟ್ರೆ 120 ದಾಟಿದ್ರೂ ಕುದಿಯಲ್ಲ. ಈಗ ಮಾವನ ಹಳೇ ಕ್ಯಾಪಿನ ಸ್ಪ್ರಿಂಗ್ ಸೋತಿತ್ತು, ಒತ್ತಡ ಕಟ್ಟುತ್ತಾನೇ ಇರ್ಲಿಲ್ಲ, ಅದಕ್ಕೇ ನೊರೆ ಉಕ್ಕಿದ್ದು. ಆದ್ರೆ ಅದೇ ಸೋತ ಕ್ಯಾಪಿನ ದೆಸೆಯಿಂದ ಸೋತ ಹೋಸು, ಸೋತ ಪ್ಲಾಸ್ಟಿಕ್ಕು ಹೆಂಗೋ ಉಸಿರು ಹಿಡ್ಕೊಂಡು ಬದುಕಿದ್ವು. ಹೊಸ ಕ್ಯಾಪ್ ಬಂತು, ಒತ್ತಡ ಪೂರ್ತಿ ಬಂತು, ಎರಡು ವಾರಕ್ಕೆ ಹೋಸ್ ಹೋಯ್ತು. ಹೊಸ ಹೋಸ್ ಬಂತು, ಎರಡೂವರೆ ತಿಂಗಳಿಗೆ ಟ್ಯಾಂಕ್ ಹೋಯ್ತು. ಒತ್ತಡ ಯಾವಾಗಲೂ ಇರೋದರಲ್ಲಿ ಸೋತ ಜಾಗವನ್ನೇ ಹುಡುಕೋದು. ಹಾಗಂತ ಕ್ಯಾಪ್ ಹಾಕಿದ್ದು ತಪ್ಪಲ್ಲ, ಕ್ಯಾಪ್ ಹಾಕೋವಾಗ ಉಳಿದವುಗಳ ವಯಸ್ಸು ಕೇಳದೇ ಇದ್ದಿದ್ದು ತಪ್ಪು.

ಅದರ ಮೇಲೆ ಇನ್ನೊಂದು ಸಿಕ್ತು. ಶೆಡ್ಡಿನ ಡಬ್ಬದಲ್ಲಿ ಮಾವ ಹಳೇ ಕ್ಯಾಪನ್ನ ಎತ್ತಿಟ್ಟಿದ್ರು, ಅದರ ಮೇಲೆ 0.9 ಅಂತ ಅಚ್ಚು. ಜನವರಿಯಲ್ಲಿ ಹಾಕಿದ ಹೊಸದರ ಮೇಲೆ 1.1. ಎರಡೂ ಅಳತೆಗೆ ಕೂರುತ್ತೆ, ನೋಡೋಕೂ ಒಂದೇ. ಹದಿನೈದು ವರ್ಷದ ಪ್ಲಾಸ್ಟಿಕ್ಕಿನ ಮೇಲೆ ಕಂಪನಿ ಹೇಳಿದ್ದಕ್ಕಿಂತ ಜಾಸ್ತಿ ಒತ್ತಡ ಬಿದ್ದಿತ್ತು. ಆ ಹೊಸ ಸ್ಕ್ರೂ ಕ್ಲಿಪ್ಪನ್ನೂ ಸ್ಪಾನರಲ್ಲಿ ಬಿಗಿದ ರೀತಿಗೆ ಹೋಸಿನ ರಬ್ಬರೊಳಗೆ ಕ್ಲಿಪ್ಪಿನ ಅಚ್ಚು ಇಳಿದಿತ್ತು, ಕೆಳಗಿರೋ ಕತ್ತಿನ ಗತಿ ಏನಾಗಿರ್ಬೇಡ. ಕಂಪನಿಯಿಂದ ಬರೋ ಸ್ಪ್ರಿಂಗ್ ಕ್ಲಿಪ್ ಬಿಸಿ ತಂಪಿಗೆ ತಕ್ಕಂತೆ ತಾನೇ ಹಿಗ್ಗಿ ಕುಗ್ಗುತ್ತೆ, ಅದು ತುಕ್ಕು ಹಿಡಿದಿಲ್ಲ ಅಂದ್ರೆ ಎಸೀಬೇಡಿ ಅಂತ ಕೇಳ್ಕೊಳ್ತೀನಿ.

ರೇಡಿಯೇಟರ್ ಸಿಕ್ತು ಅಂತ ಅಲ್ಲಿಗೇ ನಿಲ್ಲಿಸಲಿಲ್ಲ ನಾವು. ಮೊದಲು ಎಂಜಿನ್ ಉಳಿದಿದೆಯಾ ಅಂತ ಗೊತ್ತಾಗಬೇಕಿತ್ತು, ಹೆಡ್ ಹೋಗಿದ್ರೆ ಖರ್ಚಿನ ಲೆಕ್ಕವೇ ಬೇರೆ. ಡಿಪ್‌ಸ್ಟಿಕ್ ಎಳೆದು ನೋಡಿದ್ವಿ, ಆಯಿಲಿಗೆ ಕೂಲೆಂಟ್ ಸೇರಿ ಕಾಫಿ ಹಾಲಿನ ಹಾಗೆ ಆಗಿರ್ಲಿಲ್ಲ. ಕಂಪ್ರೆಷನ್ ಹಾಕಿ, ಅಂದ್ರೆ ಒಂದೊಂದು ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತೆ ಅಂತ ಅಳೆದು ನೋಡಿದ್ರು, ನಾಲ್ಕೂ ಸಿಲಿಂಡರ್ 170ರಿಂದ 175 ಪಿಎಸ್‌ಐ ಒಳಗೆ ಬಂತು, ಪಕ್ಕಪಕ್ಕದ ಎರಡು ಮಾತ್ರ ಕಮ್ಮಿ ಬಂದ್ರೆ ನಡುವಿನ ಗ್ಯಾಸ್ಕೆಟ್ (ಹೆಡ್ ಕೆಳಗೆ ಸಂದು ಮುಚ್ಚೋ ಹಾಳೆ) ಹೋಗಿದೆ ಅನ್ನೋ ಅನುಮಾನ. ಆಮೇಲೆ ಹಳೇ ರೇಡಿಯೇಟರಿಗೇ ತಾತ್ಕಾಲಿಕವಾಗಿ ಅಂಟು ಹಾಕಿ, ನೀರು ತುಂಬಿ, ಸ್ವಲ್ಪ ಹೊತ್ತು ಎಂಜಿನ್ ಓಡಿಸಿ ಕ್ಯಾಪ್ ಜಾಗಕ್ಕೆ ಆ ನೀಲಿ ದ್ರವದ ಗಾಜಿನ ಕೊಳವೆ ಇಟ್ಟು ಒಳಗಿನ ಗಾಳಿ ಎಳೆದ್ರು, ಸುಟ್ಟ ಹೊಗೆ ಕೂಲೆಂಟಿಗೆ ಸೇರ್ತಿದ್ರೆ ಅದು ಹಳದಿಗೆ ತಿರುಗುತ್ತೆ. ನಾವೆಲ್ಲ ಸುತ್ತ ನಿಂತು ನೋಡ್ತಾ ಇದ್ವಿ. ನೀಲಿಯಾಗೇ ಉಳೀತು. ಅತ್ತೆ ಕೈ ಮುಗಿದ್ರು. ಹೆಡ್ ಕೆಲಸ ಬಂದಿದ್ರೆ ಫೇಸಿಂಗ್, ಗ್ಯಾಸ್ಕೆಟ್ಟು, ಲೇಬರ್ರು ಎಲ್ಲಾ ಸೇರಿ ಇಪ್ಪತ್ತೆರಡು ಸಾವಿರದ ಮೇಲಾಗ್ತಿತ್ತು ಅಂದ್ರು ಮೆಕ್ಯಾನಿಕ್.

ಆಮೇಲೆ ಎಂಜಿನ್ ಬಿಸಿಯಾಗೋ ತನಕ ಕೂಲೆಂಟನ್ನ ತಡೆಯೋ ವಾಲ್ವು, ಥರ್ಮೋಸ್ಟಾಟ್ ನೋಡೋಣ ಅಂತ ಹೌಸಿಂಗ್ ಬಿಚ್ಚಿದ್ರೆ ಒಳಗೆ ಖಾಲಿ. ವಾಲ್ವೇ ಇಲ್ಲ, ಬರೀ ಗ್ಯಾಸ್ಕೆಟ್. ಯಾರು ಯಾವಾಗ ತೆಗೆದ್ರು ಅಂತ ಮಾವಂಗೆ ನೆನಪಿಲ್ಲ. ಆದ್ರೆ ಮಾವನ ಹತ್ರ ಒಂದು ನೋಟ್‌ಬುಕ್ ಇದೆ, ಗಾಡಿ ತಗೊಂಡ ದಿನದಿಂದ ಪೆಟ್ರೋಲ್ ಹಾಕಿಸಿದ ಪ್ರತಿ ಸಲದ ತಾರೀಕು, ಲೀಟರು, ಮೀಟರ್ ರೀಡಿಂಗು, ಕೆಂಪು ಇಂಕಲ್ಲಿ ಮೈಲೇಜು, ಸ್ಕೂಲ್ ಹಾಜರಿ ಪುಸ್ತಕದಷ್ಟು ಅಚ್ಚುಕಟ್ಟು. ರಾತ್ರಿ ಊಟ ಆದ್ಮೇಲೆ ಇಬ್ರೂ ಕೂತು ಪುಟ ಹಿಂದಕ್ಕೆ ತಿರುವ್ತಾ ಹೋದ್ವಿ. 2021ರ ಜೂನ್ ತನಕ ಹದಿನಾರು, ಹದಿನಾರೂವರೆ ಅಂತ ಬರ್ತಿದ್ದ ಮೈಲೇಜು ಜುಲೈಯಿಂದ ಹದಿನಾಲ್ಕು, ಹದಿಮೂರು ಮುಕ್ಕಾಲು. ಅದರ ನಡುವೆ ಒಂದು ಸಾಲು, "ಸರ್ವಿಸ್, ಕೂಲೆಂಟ್ ಬದಲು". ಅಲ್ಲೇ ತೆಗೆದಿದ್ದು. ನಾಲ್ಕು ವರ್ಷ ಆ ಕೆಂಪು ಅಂಕಿ ಹೇಳ್ತಾನೇ ಇತ್ತು, ಎಂಜಿನ್ ಬಿಸಿಯೇ ಆಗ್ತಿಲ್ಲ ಅಂತ. ಮಾವ ಮಾತ್ರ "ನಮ್ಮ ಗಾಡಿ ಮುಳ್ಳು ಯಾವತ್ತೂ ಅರ್ಧಕ್ಕೂ ಬರಲ್ಲ, ಅಷ್ಟು ತಂಪು" ಅಂತ ಹೆಮ್ಮೆಯಿಂದ ಹೇಳ್ಕೊಳ್ತಿದ್ರು, ಪಾಪ.

ಥರ್ಮೋಸ್ಟಾಟ್ ಒಳಗೆ ಒಂದು ಚಿಕ್ಕ ಡಬ್ಬಿ ಮೇಣ ಇರುತ್ತೆ, ಸುಮಾರು 82 ಡಿಗ್ರಿಗೆ ಮೇಣ ಕರಗಿ ಹಿಗ್ಗಿ ವಾಲ್ವ್ ತಳ್ಳುತ್ತೆ, ಅಲ್ಲಿ ತನಕ ಕೂಲೆಂಟನ್ನ ರೇಡಿಯೇಟರಿಗೆ ಬಿಡಲ್ಲ, ಎಂಜಿನ್ ಬೇಗ ಬಿಸಿಯಾಗ್ಲಿ ಅಂತ. ನಮ್ಮ ಕಡೆ ಗ್ಯಾರೇಜುಗಳಲ್ಲಿ "ನಮ್ಮ ಹವಾಕ್ಕೆ ಇದು ಬೇಡ" ಅಂತ ತೆಗೆದು ಬಿಸಾಕೋ ಚಾಳಿ ಹಳೇದು, ಇದರ ಬಗ್ಗೆ ನನಗೆ ನಿಜವಾಗ್ಲೂ ಸಿಟ್ಟಿದೆ. ಎಂಜಿನ್ ಸರಿಯಾಗಿ ಬಿಸಿಯಾಗದಿದ್ರೆ ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ಇನ್ನೂ ತಣ್ಣಗಿದೆ ಅಂದ್ಕೊಂಡು ಪೆಟ್ರೋಲ್ ಜಾಸ್ತಿ ಬಿಡುತ್ತೆ, ಆಯಿಲಲ್ಲಿ ಸೇರಿದ ತೇವ ಆವಿಯಾಗಿ ಹೋಗಲ್ಲ, ಸವೆತ ಜಾಸ್ತಿ. ಇನ್ನು ಎಷ್ಟೋ ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರ ಇನ್ನೊಂದು ತುದಿ ಬೈಪಾಸ್ ದಾರಿ ಮುಚ್ಚಬೇಕು. ಅದನ್ನೇ ತೆಗೆದುಬಿಟ್ರೆ ಬೈಪಾಸ್ ಯಾವಾಗಲೂ ತೆರೆದೇ ಇರುತ್ತೆ, ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಮುಖವನ್ನೇ ನೋಡದೆ ವಾಪಸ್ ಎಂಜಿನ್‌ಗೆ ಹೋಗುತ್ತೆ. ಊರೊಳಗೆ ತಂಪು ತಂಪು ಅನ್ಸಿದ ಗಾಡಿ ಘಾಟಲ್ಲಿ ಕೈ ಕೊಡೋದು ಹೀಗೂ ಉಂಟು.

ಈಗ ಏನೇನು ಬದಲಾಯಿಸೋದು ಅನ್ನೋ ಪ್ರಶ್ನೆ. ಮಾವ ಹೇಳಿದ್ದು "ರೇಡಿಯೇಟರ್ ಒಂದು ಹಾಕ್ಸು ಸಾಕು, ಉಳಿದಿದ್ದು ಚೆನ್ನಾಗೇ ಇದೆಯಲ್ಲ". ನಾನು ಮೊದಲು ಹೇಳಿದ್ದು "ಎಲ್ಲಾ ಹಾಕ್ಸಿಬಿಡೋಣ ಮಾವ". ಎರಡೂ ಯೋಚನೆ ಮಾಡದೇ ಆಡಿದ ಮಾತು. ಕೊನೆಗೆ ನಾವು ಇಟ್ಕೊಂಡ ಅಳತೆ ಇಷ್ಟು: ರಬ್ಬರ್, ಪ್ಲಾಸ್ಟಿಕ್ಕಿಗೆ ವಯಸ್ಸೇ ತೀರ್ಪು, ನೋಡೋಕೆ ಹೆಂಗಿದ್ರೂ. ಲೋಹಕ್ಕೆ, ಮೋಟರಿಗೆ ಕಣ್ಣಲ್ಲಿ ಕೈಯಲ್ಲಿ ನೋಡಿದ್ದೇ ತೀರ್ಪು. ಮತ್ತೆ ಯಾವ ಪಾರ್ಟ್ ಹೋದ್ರೆ ರಸ್ತೆಯಲ್ಲೇ ನಿಲ್ತೀವಿ, ಯಾವುದು ಮುಂಚೆ ಹೇಳಿ ಹೋಗುತ್ತೆ ಅನ್ನೋದನ್ನೂ ಲೆಕ್ಕಕ್ಕೆ ತಗೊಂಡ್ವಿ.

ರೇಡಿಯೇಟರ್ ಹೊಸದು, ಅದರಲ್ಲಿ ಮಾತಿಲ್ಲ. ಹಿಂದಿನ ಹಿತ್ತಾಳೆ ತಾಮ್ರದ ರೇಡಿಯೇಟರ್ ಆಗಿದ್ರೆ ಬೆಸುಗೆ ಹಾಕಿಸ್ಬೋದಿತ್ತು, ಈಗಿನದು ಅಲ್ಯೂಮಿನಿಯಂ ಕೋರಿಗೆ ಪ್ಲಾಸ್ಟಿಕ್ ಟ್ಯಾಂಕ್ ಮಡಚಿ ಕೂರಿಸಿರೋದು, ಅಂಟು ಹಾಕೋದು ಗ್ಯಾರೇಜ್ ತನಕ ಹೋಗೋಕೆ ಮಾತ್ರ. ಕೆಳಗಿನ ಹೋಸು, ಬೈಪಾಸ್ ಹೋಸು, ಹೀಟರಿನ ಎರಡು ಹೋಸು, ನಾಲ್ಕೂ ಹೊಸದು. ಕೆಳಗಿನ ಹೋಸು ಹೊರಗಿಂದ ಕಪ್ಪಗೆ ಮಿಂಚ್ತಾ ಇತ್ತು, ಮಾವಂಗೆ ಅದನ್ನ ಎಸೆಯೋಕೆ ಮನಸೇ ಇಲ್ಲ. ಬ್ಲೇಡ್ ಹಾಕಿ ಉದ್ದಕ್ಕೆ ಸೀಳಿ ತೋರಿಸಿದ್ರು ಮೆಕ್ಯಾನಿಕ್. ತುದಿಯಿಂದ ಎರಡು ಇಂಚು ತನಕ ಒಳಗಡೆ ಉಗುರಲ್ಲಿ ಗೀಚಿದ ಹಾಗೆ ಉದ್ದುದ್ದ ಬಿರುಕು, ಬೆರಳಿಟ್ರೆ ಕಪ್ಪು ಮಸಿ ಅಂಟ್ತಿತ್ತು. ರಬ್ಬರ್ ಹೋಸ್ ಕೊಳೆಯೋದು ಬಹಳ ಸಲ ಒಳಗಿಂದಲೇ, ಅದೂ ಕ್ಲಿಪ್ ಹತ್ರದ ತುದಿಗಳಲ್ಲಿ. ಎಂಜಿನ್ ಪೂರ್ತಿ ತಣ್ಣಗಿದ್ದಾಗ ಹೋಸಿನ ನಡುಭಾಗ ಹಿಚುಕಿ, ಆಮೇಲೆ ತುದಿ ಹಿಚುಕಿ ನೋಡಿ, ನಡುಭಾಗ ಗಟ್ಟಿ, ತುದಿ ಮೆತ್ತಗೆ ಅನ್ಸಿದ್ರೆ, ಇಲ್ಲಾ ಹಿಚುಕಿದಾಗ ಒಳಗೆ ಕರಕರ ಅಂದ್ರೆ ಅದರ ಕಾಲ ಮುಗೀತು. ನನ್ನ ಲೆಕ್ಕದಲ್ಲಿ ಐದಾರು ವರ್ಷಕ್ಕೆ ಹಿಚುಕಿ ನೋಡೋಕೆ ಶುರು ಮಾಡ್ಬೇಕು, ಹತ್ತು ವರ್ಷಕ್ಕೆ ಕೇಳದೇ ಬದಲಾಯಿಸ್ಬೇಕು.

ಥರ್ಮೋಸ್ಟಾಟ್ ಹೊಸದು, 82 ಡಿಗ್ರಿದು, ಕಂಪನಿ ನಂಬರ್ ನೋಡೇ ತಗೊಂಡ್ವಿ. ಹಾಕೋಕೆ ಮುಂಚೆ ಅತ್ತೆ ಹತ್ರ ಒಂದು ಹಳೇ ಪಾತ್ರೆ ಇಸ್ಕೊಂಡು ನೀರಲ್ಲಿ ಮುಳುಗಿಸಿ ಒಲೆ ಮೇಲಿಟ್ಟು ತೆರೆಯುತ್ತಾ ಅಂತ ನೋಡಿದ್ವಿ, ಹೊಸದೂ ಕೆಟ್ಟು ಬರೋದುಂಟು. ಕ್ಯಾಪ್ ಮತ್ತೆ 0.9. ಫ್ಯಾನ್ ಬೆಲ್ಟಲ್ಲಿ ಅಡ್ಡಡ್ಡ ಸೀಳು ಕಾಣ್ತಿತ್ತು, ವಾಟರ್ ಪಂಪ್ ತಿರುಗಿಸೋದೂ ಅದೇ ಬೆಲ್ಟು, ಅದನ್ನೂ ಹಾಕಿದ್ವಿ.

ಫ್ಯಾನ್ ಮೋಟರ್ ಬಿಟ್ವಿ. ಎಸಿ ಹಾಕಿದ ಕೂಡಲೇ ತಿರುಗುತ್ತೆ, ಎಸಿ ಇಲ್ಲದೇ ಐಡಲಲ್ಲಿ ಬಿಟ್ರೂ ಬಿಸಿಯಾದಾಗ ಹತ್ತಿ ಇಳಿದಾಗ ಆರುತ್ತೆ, ಶಬ್ದ ಇಲ್ಲ, ಕೈಯಲ್ಲಿ ಅಲ್ಲಾಡಿಸಿದ್ರೆ ಬುಷ್ ಸವೆದಿಲ್ಲ. ಸುಮ್ನೆ ಯಾಕೆ ದುಡ್ಡು.

ವಾಟರ್ ಪಂಪ್ ಬಗ್ಗೆ ಅರ್ಧ ಗಂಟೆ ಚರ್ಚೆ ಆಯ್ತು, ಗ್ಯಾರೇಜಲ್ಲಿ ವಾಟರ್ ಬಾಡಿ ಅಂತಾರಲ್ಲ ಅದು. ಪಂಪಿನ ಕೆಳಗೆ ಒಂದು ಸಣ್ಣ ತೂತು ಇರುತ್ತೆ, ಒಳಗಿನ ಸೀಲ್ ಸೋತ್ರೆ ಕೂಲೆಂಟ್ ಬೇರಿಂಗಿಗೆ ಹೋಗದೆ ಆ ತೂತಿಂದ ಹೊರಗೆ ಹನಿಯಲಿ ಅಂತಲೇ ಇಟ್ಟಿರೋದು. ಕನ್ನಡಿ ಹಿಡಿದು ಟಾರ್ಚ್ ಬಿಟ್ಟು ನೋಡಿದ್ವಿ, ಒಣಗಿದ ಗೆರೆ ಇಲ್ಲ, ಪುಲ್ಲಿ ಅಲ್ಲಾಡಲ್ಲ, ಗರಗರ ಇಲ್ಲ. ಟೈಮಿಂಗ್ ಬೆಲ್ಟ್ ತಿರುಗಿಸೋ ಪಂಪ್ ಇರೋ ಎಂಜಿನ್ ಆಗಿದ್ರೆ ನಾನು ಎರಡನೇ ಮಾತಿಲ್ಲದೆ ಬೆಲ್ಟ್ ಜೊತೆಗೇ ಬದಲಾಯಿಸ್ತಿದ್ದೆ, ಅಲ್ಲಿ ಬಿಚ್ಚೋ ಕೂಲಿಯೇ ಪಂಪಿಗಿಂತ ಜಾಸ್ತಿ, ಪಂಪ್ ಜಾಮ್ ಆದ್ರೆ ಬೆಲ್ಟೂ ಹೋಗಿ ಎಂಜಿನ್ ಮುಗೀತು. ಇದರಲ್ಲಿ ಟೈಮಿಂಗ್ ಚೈನ್, ಪಂಪ್ ಹೊರಗೇ ಇದೆ, ಎರಡು ಗಂಟೆ ಕೆಲಸ, ಹೋಗೋವಾಗ ಮುಂಚೆ ಹೇಳಿ ಹೋಗೋ ಪಾರ್ಟು. ಹಾಗಾಗಿ ಬಿಟ್ವಿ, ಆದ್ರೆ ತಿಂಗಳಿಗೊಂದ್ಸಲ ಆ ತೂತು ನೋಡ್ಬೇಕು ಅನ್ನೋ ಷರತ್ತಲ್ಲಿ.

ಹಳೇ ಪಾರ್ಟ್ ಬಿಚ್ಚೋಕೆ ಮುಂಚೆ ಸುರಿದ ನೀರು ನೋಡಿ ನನಗೆ ಬೇಜಾರಾಯ್ತು, ಕೆಮ್ಮಣ್ಣು ಕದಡಿದ ಹಾಗಿತ್ತು, ತಳದಲ್ಲಿ ಬಿಳೀ ಗಸಿ. ಬೋರ್ ನೀರಿನ ಸುಣ್ಣ ಅದು, ಮನೆ ಗೀಸರಿನ ಕಾಯಿಲಿಗೆ ಕಟ್ಟೋದೇ ಇಲ್ಲಿ ಎಂಜಿನ್ ಒಳಗೆ ಕಟ್ಟುತ್ತೆ. ನೀರು ಜಾಸ್ತಿ ಆದಷ್ಟೂ ಕೂಲೆಂಟಲ್ಲಿರೋ ತುಕ್ಕು ತಡೆಯೋ ರಾಸಾಯನಿಕ ತೆಳುವಾಗುತ್ತೆ, ಅಲ್ಯೂಮಿನಿಯಂ ತಿನ್ನೋಕೆ ಶುರು. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಐದು ಲೀಟರ್ ಕ್ಯಾನ್ ತರಿಸಿದ್ವಿ, ನೀರು ತಿಳಿಯಾಗೋ ತನಕ ಮೊದಲು ನಲ್ಲಿ ನೀರಲ್ಲಿ ಮೂರ್ನಾಲ್ಕು ಸಲ ತೊಳೆದು, ಕೊನೇದನ್ನ ಡಿಸ್ಟಿಲ್ಡಲ್ಲಿ ತೊಳೆದು, ಆಮೇಲೆ ಮ್ಯಾನುಯಲಲ್ಲಿ ಹೇಳಿದ ಜಾತಿಯ ಕೂಲೆಂಟನ್ನ ಅರ್ಧಕ್ಕರ್ಧ ಬೆರೆಸಿ ತುಂಬಿಸಿದ್ದು. ಬಣ್ಣ ನೋಡಿ ಕೂಲೆಂಟ್ ತಗೋಬೇಡಿ, ಹಸಿರು ಕೆಂಪು ನೀಲಿ ಅನ್ನೋದಕ್ಕೆ ಎಲ್ಲಾ ಕಂಪನಿಗೂ ಒಂದೇ ನಿಯಮ ಅಂತ ಇಲ್ಲ. ಸುರಿದ ಹಳೇ ಕೂಲೆಂಟನ್ನ ಮೋರಿಗೆ ಬಿಡದೆ ಕ್ಯಾನಿಗೆ ತುಂಬಿ ಗ್ಯಾರೇಜಿನವರಿಗೇ ಕೊಟ್ವಿ, ಅದು ಸಿಹಿ ಇರುತ್ತೆ, ಬೀದಿ ನಾಯಿ ನೆಕ್ಕಿದ್ರೆ ಸಾಯ್ಬೋದು, ಮನೇಲಿ ಮಕ್ಕಳಿದ್ರೆ ಇನ್ನೂ ಹುಷಾರು.

ಗಾಳಿ ತೆಗೆಯೋ ಕೆಲಸಕ್ಕೆ ಅವಸರ ಮಾಡ್ಲಿಲ್ಲ. ಹೀಟರ್ ಫುಲ್ ಇಟ್ಟು, ಕ್ಯಾಪ್ ತೆಗೆದು, ತಣ್ಣಗಿರೋ ಎಂಜಿನ್ ಸ್ಟಾರ್ಟ್ ಮಾಡಿ ನಿಧಾನಕ್ಕೆ ತುಂಬಿಸ್ತಾ, ಹೋಸ್ ಹಿಚುಕ್ತಾ, ಗುಳ್ಳೆ ನಿಲ್ಲೋ ತನಕ ಕಾದು, ಕ್ಯಾಪ್ ಹಾಕಿ, ಫ್ಯಾನ್ ಎರಡು ಸಲ ಬಂದು ಹೋಗೋ ತನಕ ಬಿಟ್ವಿ. ಮಾರನೇ ದಿನ ಬೆಳಿಗ್ಗೆ ತಣ್ಣಗಿದ್ದಾಗ ನೋಡಿದ್ರೆ ಒಂದು ಲೋಟದಷ್ಟು ಇಳಿದಿತ್ತು, ತುಂಬಿಸಿದ್ವಿ, ಅದರ ಮಾರನೇ ದಿನ ಇಳೀಲಿಲ್ಲ.

ಬಿಲ್ ಹೀಗೆ ಬಂತು, ರೇಡಿಯೇಟರ್ 4,200, ನಾಲ್ಕು ಹೋಸ್ 1,450, ಥರ್ಮೋಸ್ಟಾಟ್ ಗ್ಯಾಸ್ಕೆಟ್ ಸೇರಿ 780, ಕ್ಯಾಪ್ 280, ಬೆಲ್ಟ್ 600, ಕೂಲೆಂಟ್ 1,050, ಡಿಸ್ಟಿಲ್ಡ್ ವಾಟರ್ 120, ಲೇಬರ್ 2,500. ಒಟ್ಟು 10,980. ಮಾವ ನಿಟ್ಟುಸಿರು ಬಿಟ್ರು. ಆದ್ರೆ ಇದೇ ಕೆಲಸನ ಜನವರಿಯಲ್ಲಿ ಕ್ಯಾಪ್ ಹೋದಾಗಲೇ ಒಟ್ಟಿಗೆ ಮಾಡ್ಸಿದ್ರೆ ಟೋಯಿಂಗಿನ 3,500 ಉಳೀತಿತ್ತು, ಆರು ವರ್ಷದ ಮೊಮ್ಮಗಳನ್ನ ಕರ್ಕೊಂಡು ಘಾಟಿ ತಿರುವಲ್ಲಿ ಮೂರು ಗಂಟೆ ಕಾಯೋದೂ ತಪ್ತಿತ್ತು. ಕೂಲೆಂಟ್ ಒಂದ್ಸಲ ಸುರಿದ ಮೇಲೆ ಹೋಸು ಥರ್ಮೋಸ್ಟಾಟಿಗೆ ಬೇರೆ ಕೂಲಿ ಹೆಚ್ಚೇನೂ ಬೀಳಲ್ಲ, ಮೂರು ಸಲ ಮೂರು ರಿಪೇರಿ ಅಂದ್ರೆ ಮೂರು ಸಲ ಕೂಲೆಂಟ್, ಮೂರು ಸಲ ಕೂಲಿ.

ಗಾಡಿಗೆ ಒಂದು ಓಬಿಡಿ ಬ್ಲೂಟೂತ್ ಡಾಂಗಲ್ (ಗಾಡಿ ಕಂಪ್ಯೂಟರಿನ ಅಂಕಿಗಳನ್ನ ಫೋನಿಗೆ ಕಳಿಸೋ ಪುಟ್ಟ ಸಾಧನ) ಹಾಕಿ ಮಾವನ ಫೋನಲ್ಲಿ ಆ್ಯಪ್ ಇಟ್ಟುಕೊಟ್ಟೆ, ಕೂಲೆಂಟ್ ಎಷ್ಟು ಡಿಗ್ರಿ ಇದೆ ಅಂತ ಅಂಕಿಯಲ್ಲೇ ಕಾಣುತ್ತೆ. ಈಗಿನ ಗಾಡಿಗಳ ಮುಳ್ಳು ಅಷ್ಟು ಪ್ರಾಮಾಣಿಕ ಅಲ್ಲ, 80 ಇರ್ಲಿ 100 ಇರ್ಲಿ ನಡುವಲ್ಲೇ ನಿಂತಿರೋ ಹಾಗೆ ಮಾಡಿರ್ತಾರೆ, ಅದು ಅಲ್ಲಾಡೋ ಹೊತ್ತಿಗೆ ತಡ ಆಗಿರುತ್ತೆ. ಮಾವ ನೋಟ್‌ಬುಕ್ಕಲ್ಲಿ ಹೊಸದೊಂದು ಕಾಲಂ ಎಳೆದ್ರು, "ಬಾಟ್ಲಿ ಮಟ್ಟ" ಅಂತ, ಪ್ರತಿ ತಿಂಗಳ ಒಂದನೇ ತಾರೀಕು. ಜೂನ್ ಹೊತ್ತಿಗೆ ಕೆಂಪು ಇಂಕಿನ ಅಂಕಿ ಮತ್ತೆ ಹದಿನಾರಕ್ಕೆ ಬಂತು.

ಸೆಪ್ಟೆಂಬರ್ ಒಂದಕ್ಕೆ ಬಾಟ್ಲಿ ಮಟ್ಟ ಅರ್ಧ ಬೆರಳು ಕಮ್ಮಿ. ಮಾವ ಕನ್ನಡಿ ಟಾರ್ಚ್ ತಗೊಂಡು ಪಂಪಿನ ತೂತು ನೋಡಿದ್ರೆ ಗುಲಾಬಿ ಬಣ್ಣದ ಒಣಗಿದ ಗೆರೆ, ಫೋಟೋ ತೆಗೆದು ನನಗೆ ಕಳಿಸಿದ್ರು. ಸಿಸ್ಟಮ್ ಪೂರ್ತಿ ಬಿಗಿಯಾದ ಮೇಲೆ ಒತ್ತಡ ಮುಂದಿನ ಸೋತ ಜಾಗ ಹುಡುಕ್ತು, ನಾವು ಅಂದ್ಕೊಂಡ ಹಾಗೇ. ಏಪ್ರಿಲಲ್ಲೇ ಹಾಕಿಸ್ಬೇಕಿತ್ತಾ ಅಂತ ನನ್ನನ್ನ ನಾನೇ ಕೇಳ್ಕೊಂಡೆ, ಇಲ್ಲ ಅಂತಲೇ ಈಗಲೂ ನನ್ನ ಉತ್ತರ. ಅದು ಹೇಳಿ ಹೋಗೋ ಪಾರ್ಟು, ಹೇಳ್ತು, ಕೇಳೋರು ಇದ್ರು. ಅದೇ ವಾರ ಬೇರಿಂಗ್ ಶಬ್ದ ಶುರುವಾಗೋಕೆ ಮುಂಚೆ ಪಂಪ್ ಬದಲಾಯ್ತು, 1,900 ಪಂಪಿಗೆ, 700 ಕೂಲಿ, ಸುರಿದ ಕೂಲೆಂಟ್ ಇನ್ನೂ ಹೊಸದಿದ್ದಿದ್ರಿಂದ ಶುದ್ಧ ಬೋಗುಣಿಯಲ್ಲಿ ಹಿಡಿದು ಅದನ್ನೇ ಮತ್ತೆ ತುಂಬಿಸಿದ್ರು.

ನವೆಂಬರಲ್ಲಿ ಮತ್ತೆ ಕುಕ್ಕೆಗೆ ಹೋಗಿ ಬಂದ್ರು, ಅದೇ ನಾಲ್ಕು ಜನ, ಅದೇ ಟ್ಯಾಂಕರ್ ಸಾಲು. ಮೊಮ್ಮಗಳು ಹಿಂದಿನ ಸೀಟಲ್ಲಿ ಫೋನ್ ಹಿಡ್ಕೊಂಡು ಅಂಕಿ ಓದೋದು, ಮನೆಗೆ ಬಂದ್ಮೇಲೆ ತಾತ ಬರ್ಕೊಳ್ಳೋದು. ಗುಂಡ್ಯ 86, ಮಾರನಹಳ್ಳಿ 97, ದೋಣಿಗಾಲ್ 95, ಸಕಲೇಶಪುರ 88. ಅದರ ಕೆಳಗೆ ಮಾರನೇ ಬೆಳಿಗ್ಗೆಯ ತಾರೀಕು ಹಾಕಿ, ಬಾಟ್ಲಿ ಮಟ್ಟ ಗೆರೆ ಮೇಲೇ ಇದೆ ಅಂತ ಬರೆದಿದಾರೆ.